ದೋಣಿಯ ಇಂಜಿನ್ನಿನ ತಳದಲ್ಲಿ ಉಳಿಯುತ್ತಿದ್ದ ಆಯಿಲ್

ಜೂನ್ ೧೪, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ, ಹಾನಗಲ್ಲಿನ ಕೆರೆ ಏರಿ. ನನ್ನ ಪುಸ್ತಕದಲ್ಲಿ ಆ ದಿನದ ಮೊದಲ ಸಾಲು ಹೀಗಿದೆ: “ಇಂಜಿನ್ ಓಡಿದ್ದು ಒಟ್ಟು ೩೦೨ ತಾಸು. ಆಯಿಲ್ ಬದಲಿಸುವ ದಿನ, ಮೂರನೆಯ ಸಲ. ಬಾಟಲಿಯವರು ಆರೂ ಜನ ಬಂದಿದ್ದಾರೆ.”

ಬಾಟಲಿಯವರು ಯಾರು ಎಂದು ಹೇಳುವ ಮೊದಲು ದೋಣಿಯ ವಿಷಯ ಹೇಳಬೇಕು. ನಮ್ಮ ಮೀನುಗಾರರ ಸಂಘದಲ್ಲಿ ಅಂತರಗಂಗೆ ತೆಗೆಯುವ ಒಂದು ಕಬ್ಬಿಣದ ದೋಣಿ ಇದೆ. ತಳ ಚಪ್ಪಟೆ, ಮುಂದುಗಡೆ ಹಲ್ಲುಗಳಿರುವ ಅಗಲವಾದ ಹಲಗೆ, ನಡುವೆ ಎರಡು ಸಿಲಿಂಡರಿನ ಡೀಸೆಲ್ ಇಂಜಿನ್. ಕೆರೆಯ ಮೇಲೆ ಹಸಿರು ಚಾಪೆಯಂತೆ ಹಬ್ಬಿದ ಕಳೆಯನ್ನು ಅದು ದಂಡೆಗೆ ನೂಕುತ್ತದೆ. ಹಾನಗಲ್ಲಿನ ಕೆರೆ ಮುಗಿದ ಮೇಲೆ ದೋಣಿಯನ್ನು ಟ್ರಾಲಿಗೆ ಏರಿಸಿ, ಟ್ರ್ಯಾಕ್ಟರಿಗೆ ಕಟ್ಟಿ ಸವಣೂರು, ಶಿಗ್ಗಾಂವಿ, ಹಿರೇಕೆರೂರು ಕಡೆಯ ಕೆರೆಗಳಿಗೆ ಒಯ್ಯುತ್ತೇವೆ. ದೋಣಿ ನಡೆಸುವುದು, ಟ್ರ್ಯಾಕ್ಟರ್ ಓಡಿಸುವುದು ಎರಡೂ ಕಾಕಾನ ಕೆಲಸ. ಆತ ನನಗೆ ಸಂಬಂಧಿ ಅಲ್ಲ, ನಲವತ್ತು ವರ್ಷ ಬಲೆ ಬೀಸಿದ ಮನುಷ್ಯ, ಎಲ್ಲರೂ ಕಾಕಾ ಎನ್ನುತ್ತಾರೆ. ಇಂಜಿನ್ನಿನ ಉಸ್ತುವಾರಿ ನನ್ನದು. ನಾನು ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಓದಿದವಳು. ನನ್ನ ತರಗತಿಯಲ್ಲಿ ಹುಡುಗಿ ಎಂದರೆ ನಾನೊಬ್ಬಳೇ. ಅಪ್ಪ ಅಕ್ಕಿಆಲೂರಿನಲ್ಲಿ ಪಂಪ್‌ಸೆಟ್ ಇಂಜಿನ್ ರಿಪೇರಿ ಮಾಡುತ್ತಾನೆ. ಸ್ಪ್ಯಾನರ್ ಹಿಡಿಯುವುದನ್ನು ಮೊದಲು ಕಲಿತದ್ದು ಅವನ ಅಂಗಡಿಯಲ್ಲಿ, ತಾರೀಖು ಹಾಕಿ ಬರೆದಿಡುವುದನ್ನು ಕಲಿತದ್ದು ನಾನಾಗಿಯೇ.

ಇನ್ನು ಬಾಟಲಿಯವರು. ಇಂಜಿನ್ನಿನ ಮೇಲಿರುವ ಹಿತ್ತಾಳೆ ಪಟ್ಟಿಯಲ್ಲಿ “ಆಯಿಲ್ ೬ ಲೀಟರ್” ಎಂದು ಕೊರೆದಿದೆ. ಹಳೆ ಆಯಿಲನ್ನು ನಮ್ಮ ಕಡೆ ಯಾರೂ ಚೆಲ್ಲುವುದಿಲ್ಲ. ಬಂಡಿಯ ಅಚ್ಚಿಗೆ ಹಾಕುತ್ತಾರೆ, ಗೆದ್ದಲು ಹತ್ತದಂತೆ ಕೊಟ್ಟಿಗೆಯ ಕಂಬಕ್ಕೆ ಬಳಿಯುತ್ತಾರೆ, ಬಿತ್ತನೆ ಮುಗಿದ ಮೇಲೆ ಕುಂಟೆ ಕೂರಿಗೆಗಳ ಕಬ್ಬಿಣಕ್ಕೆ ಒರೆಸುತ್ತಾರೆ. ಕೆರೆಯ ಕೆಳಗಿನ ಹೊಲದವರು ಆ ಪಟ್ಟಿಯನ್ನು ಓದಿ ತಾವೇ ಲೆಕ್ಕ ಹಾಕಿದರು: ಆರು ಲೀಟರ್, ಆರು ಮನೆ, ಮನೆಗೊಂದು ಬಾಟಲಿ. ಯಾರಿಗೆ ಮೊದಲು ಎಂಬ ಜಗಳವೂ ಬರಲಿಲ್ಲ, ಏಕೆಂದರೆ ಗದ್ದೆಗೆ ನೀರು ಬಿಡುವ ಸರದಿ ಇತ್ತಲ್ಲ, ಅದನ್ನೇ ಆಯಿಲಿಗೂ ಹಾಕಿಕೊಂಡರು. ತೂಬಿನ ಬಳಿಯ ಹೊಲ ಮೊದಲು, ಕಾಲುವೆಯ ತುದಿಯ ಹೊಲ ಕೊನೆಗೆ. ತುದಿಯ ಹೊಲ ಒಬ್ಬ ಅಜ್ಜನದು. ಆತನದು ಆರನೆಯ ಬಾಟಲಿ.

ಮೊದಲ ಸಲ, ನೂರು ತಾಸಿಗೆ, ನಾಲ್ಕು ಲೀಟರ್ ಆರುನೂರು ಮಿಲಿ ಬಂತು. ಎರಡನೆಯ ಸಲ ನಾಲ್ಕು ನಾಲ್ಕುನೂರು. ಎರಡೂ ಸಲ ಐದನೆಯವರಿಗೆ ಅರ್ಧ ಬಾಟಲಿ, ಅಜ್ಜನಿಗೆ ಏನೂ ಇಲ್ಲ. ಜೂನ್ ೧೪ರಂದು ಮೂರನೆಯ ಸಲ. ದೋಣಿಯನ್ನು ಎಂದಿನಂತೆ ಟ್ರ್ಯಾಕ್ಟರಿನಿಂದ ಎಳೆದು ಏರಿಯ ಒಳ ಇಳಿಜಾರಿನ ಮೇಲೆ, ಮೂತಿ ಮೇಲಾಗಿ ನಿಲ್ಲಿಸಿದ್ದೆವು. ಇಂಜಿನ್ನಿನ ಆಯಿಲ್ ಚೇಂಬರಿಗೂ ದೋಣಿಯ ತಳಕ್ಕೂ ನಡುವೆ ನಾಲ್ಕು ಬೆರಳಿನಷ್ಟೇ ಜಾಗ. ಆಯಿಲ್ ಇಳಿಸಲು ಚೇಂಬರಿನ ತಳದ ಬೋಲ್ಟು ಬಿಚ್ಚಿದರೆ ಕೆಳಗೆ ಬಕೆಟ್ ಹಿಡಿಸುವುದಿಲ್ಲ. ಡಬ್ಬಿಯ ತಗಡು ಕತ್ತರಿಸಿ ಮಾಡಿದ ತಟ್ಟೆಯನ್ನು ತೂರಿಸಬೇಕು, ಅದು ತುಂಬುತ್ತಲೇ ಬೋಲ್ಟು ಬಿಗಿಯಬೇಕು, ತಟ್ಟೆ ಎಳೆದು ಡಬ್ಬಿಗೆ ಸುರಿಯಬೇಕು, ಮತ್ತೆ ಬಿಚ್ಚಬೇಕು. ಮೊಳಕೈವರೆಗೆ ಕಪ್ಪು. ಚೆಲ್ಲಿದ್ದನ್ನು ಗೋಣಿಚೀಲದಿಂದ ಒರೆಸಬೇಕು. ಎಷ್ಟು ಒರೆಸಿದರೂ ದೋಣಿ ನೀರಿಗಿಳಿದಾಗ ಸುತ್ತ ಬಣ್ಣಬಣ್ಣದ ಪೊರೆ ಏಳುತ್ತಿತ್ತು, ಬಲೆಯವರು ಮೀನು ವಾಸನೆ ಹೊಡೆಯುತ್ತದೆ ಎಂದು ಬೈಯುತ್ತಿದ್ದರು. ಅಂದು ಹಿಡಿದ ಸಮಯ ಮೂರು ತಾಸು ಹತ್ತು ನಿಮಿಷ. ಬಂದದ್ದು ನಾಲ್ಕೂವರೆ ಲೀಟರ್.

ಅಜ್ಜ ತನ್ನ ಖಾಲಿ ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದ.

“ಏನ ಯವ್ವಾ, ಈ ಸಲಾನೂ ನನ್ನ ಬಾಟ್ಲಿ ಉಪವಾಸನ?”

“ಬಂದಿದ್ದ ಅಷ್ಟ ಅಜ್ಜಾ.”

“ಪಟ್ಟಿ ಮ್ಯಾಲ ಆರ ಅಂತ ಐತಿ. ಉಳದದ್ದ ಯಾರ ಕುಡದ್ರು? ಕಾಕಾ ಏನರ ತಲಿಗೆ ಹಚ್ಕೊಂಡನ?”

“ನನ್ನ ತಲ್ಯಾಗ ಕೂದಲಾ ಎಲ್ಲಿ ಅದಾವೋ ಮುದುಕಾ,” ಎಂದ ಕಾಕಾ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅಜ್ಜ ಬಿಡಲಿಲ್ಲ. “ಅರ್ಧ ನಿನ್ನ ಗ್ವಾಣಿಚೀಲಾನ ಕುಡದತಿ” ಎಂದ. ನಾನು ಒರೆಸುವ ಮುಂಚೆಯೇ ಚೀಲವನ್ನು ತೂಗಿ ಬರೆದಿಟ್ಟಿದ್ದೆ. ಈಗ ಮತ್ತೆ ತೂಗಿದೆ. ಕಾಲು ಕಿಲೋ ಹೆಚ್ಚಾಗಿತ್ತು, ಅಷ್ಟೇ. ಒಂದು ಲೀಟರಿಗೂ ಮೇಲೆ ಆಯಿಲಿಗೆ ಲೆಕ್ಕವಿಲ್ಲ.

ಈ ಮಾತು ಸಂಘದ ಅಧ್ಯಕ್ಷರ ಕಿವಿಗೆ ಬಿತ್ತು. ಅವರು ಮರುದಿನವೇ ಅಪ್ಪನನ್ನು ಅಕ್ಕಿಆಲೂರಿನಿಂದ ಕರೆಸಿದರು. ಅಪ್ಪ ಆಯಿಲ್ ಮಟ್ಟ ತೋರಿಸುವ ಕಡ್ಡಿ ಎಳೆದು ನೋಡಿದ. ನಿನ್ನೆ ತುಂಬಿದ ಹೊಸ ಆಯಿಲ್ ಆಗಲೇ ಡಾಂಬರಿನ ಹಾಗೆ ಕಪ್ಪಾಗಿತ್ತು. ಒಂದು ಹನಿಯನ್ನು ನಾನು ಬಿಳಿ ಕಾಗದದ ಮೇಲೆ ಇಟ್ಟುಕೊಂಡೆ. ಅಪ್ಪ ಇನ್ನೊಂದನ್ನು ಹೆಬ್ಬೆರಳ ಮೇಲೆ ಉಜ್ಜಿ, “ಪಿಸ್ಟನ್ ರಿಂಗ್ ಹೋಗ್ಯಾವ್ರಿ. ಇಂಜಿನ್ ಆಯಿಲ್ ಕುಡ್ಯಾಕತ್ತೇತಿ” ಎಂದ.

ಅಧ್ಯಕ್ಷರು ನನ್ನ ಕಡೆ ನೋಡಲಿಲ್ಲ. “ಹಂಗಾರ ಇನ್ನ ನೂರು ತಾಸು ಓಡ್ಲಿ. ನಾಕನೇ ಸಲಾನೂ ಹಿಂಗ ಆತಂದ್ರ ಇಂಜಿನ್ ಬಿಚ್ಚಿ ಹುಬ್ಬಳ್ಳಿಗೆ ಕಳಸೂಣು. ಬರೂಮುಂದ ಅಲ್ಲಿಂದನ ಒಬ್ಬ ಮೆಕ್ಯಾನಿಕ್ ಬರ್ತಾನ. ಈ ತಂಗಿ ಆಫೀಸಿನಾಗ ಕುಂತ ಬರಿಯೂ ಕೆಲಸಾ ನೋಡ್ಕೊಳ್ಳಿ” ಎಂದರು.

ಸಿಟ್ಟಿನ ಮಾತಲ್ಲ, ಉಪಕಾರ ಮಾಡುವವರ ಹಾಗೆಯೇ ಹೇಳಿದರು. ಅದಕ್ಕೇ ಹೆಚ್ಚು ಚುಚ್ಚಿತು. ನನ್ನ ಕೈಯಲ್ಲಿ ನೂರು ತಾಸು ಇತ್ತು. ಅದರೊಳಗೆ ಆ ಆಯಿಲ್ ಎಲ್ಲಿ ಹೋಗುತ್ತಿದೆ ಎಂದು ತೋರಿಸದಿದ್ದರೆ ಇಂಜಿನ್ ನನ್ನ ಕೈ ಬಿಡುತ್ತಿತ್ತು.

ಅಂದು ಸಂಜೆ ಮನೆಯಲ್ಲಿ ಅವ್ವ ರೊಟ್ಟಿ ತಟ್ಟುತ್ತಿದ್ದಳು, ನಾನು ಅಲ್ಲೇ ಕುಳಿತು ಪುಸ್ತಕವನ್ನು ಮೊದಲಿನಿಂದ ಓದಿದೆ. ಪುಸ್ತಕದ ಮುಂದಿನ ಅರ್ಧದಲ್ಲಿ ದಿನದಿನದ ಕಡ್ಡಿಯ ಅಳತೆ, ತುಂಬಿದ ಆಯಿಲ್. ಹಿಂದಿನ ಪುಟಗಳಲ್ಲಿ ಬಾಟಲಿಯವರ ಲೆಕ್ಕ, ಅಂದರೆ ಹೊರಗೆ ಬಂದದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದು ಅದೇ ಮೊದಲು. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಇಂಜಿನ್ ಆಯಿಲ್ ಕುಡಿಯುತ್ತಿದ್ದರೆ ಕಡ್ಡಿಯ ಮೇಲೆ ಮಟ್ಟ ದಿನಕ್ಕಿಷ್ಟು ಇಳಿಯಬೇಕಿತ್ತು. ಮುನ್ನೂರು ತಾಸಿನಲ್ಲಿ ಅದು ಉಗುರಿನ ದಪ್ಪಕ್ಕಿಂತ ಕೆಳಗೆ ಹೋಗಿರಲಿಲ್ಲ. ಇನ್ನೊಂದು: ದೋಣಿಯಲ್ಲಿ ಇಂಜಿನ್ ಕೂರಿಸಿದವರು ಆರು ಲೀಟರ್ ಸುರಿದು, ದೋಣಿ ನೀರಿನ ಮೇಲಿದ್ದಾಗಲೇ ಕಡ್ಡಿಗೆ ಗೆರೆ ಕೊರೆದಿದ್ದರು. ಪ್ರತಿ ಸಲ ನಾನು ನೀರಿಗಿಳಿಸಿ ಆ ಗೆರೆಯವರೆಗೆ ತುಂಬಿದಾಗ ನಾಲ್ಕೂವರೆ ಲೀಟರಿನ ಆಸುಪಾಸೇ ಹಿಡಿದಿತ್ತು. ಡಬ್ಬಿಯಲ್ಲಿ ಉಳಿದ ಒಂದೂವರೆಯನ್ನು “ಉಳಿಕೆ” ಎಂದು ಬರೆದು ಅಡಿಗೆರೆ ಎಳೆದಿದ್ದೆ, ಅಷ್ಟೇ. ಆಯಿಲ್ ಎಲ್ಲಿಯೂ ಹೋಗಿರಲಿಲ್ಲ. ಒಳಗೇ ಇತ್ತು. ಮೂರು ಸಲದ ಹಳೆ ಮಡ್ಡಿ ತಳದಲ್ಲಿ ಉಳಿದು, ಹೊಸದನ್ನು ಒಂದೇ ದಿನದಲ್ಲಿ ಕೆಡಿಸುತ್ತಿತ್ತು.

ಅಪ್ಪನಿಗೆ ಪುಟಗಳನ್ನು ತೋರಿಸಿದೆ. ಎರಡು ಸಲ ಓದಿದ. “ರಿಂಗ್ ಅಂದದ್ದ ತಪ್ಪಾತು” ಎಂದ. ನನ್ನ ಅಪ್ಪ ಗಿರಾಕಿಗಳ ಮುಂದೆ ಆ ಮಾತು ಆಡಿದ್ದನ್ನು ನಾನು ಕೇಳಿಲ್ಲ, ನನ್ನ ಮುಂದೆ ಆಡಿದ.

ಆಮೇಲೆ ಇಬ್ಬರೂ ಸೇರಿ ಇನ್ನೊಂದು ತಪ್ಪು ಮಾಡಿದೆವು. ಪಂಪ್‌ಸೆಟ್ಟಿನವರಿಗೆ ಇಂಜಿನ್ ಎಂದರೆ ಕಟ್ಟೆಯ ಮೇಲೆ ಕೂತಿರುವ ವಸ್ತು. ಕಟ್ಟೆ ಮಟ್ಟವಿದ್ದರೆ ಇಂಜಿನ್ ಮಟ್ಟ, ಇಂಜಿನ್ ಮಟ್ಟವಿದ್ದರೆ ಆಯಿಲ್ ಪೂರ್ತಿ ಬರುತ್ತದೆ. ಇಳಿಜಾರಿನಲ್ಲಿ ನಿಲ್ಲಿಸಿದ್ದೇ ತೊಂದರೆ ಎಂದು ಅಪ್ಪ ಹೇಳಿದ, ನನಗೂ ಸರಿ ಕಂಡಿತು. ಜೂನ್ ೨೨ರಂದು ದೋಣಿಯನ್ನು ಬಯಲಿಗೆ ಎಳೆಸಿ, ಕಟ್ಟಡದವರು ಹಿಡಿಯುವ ಹಾಗೆ ನೀರು ತುಂಬಿದ ಪೈಪು ಹಿಡಿದು ದೋಣಿಯ ನಾಲ್ಕೂ ಮೂಲೆ ಮಟ್ಟ ಮಾಡಿದೆವು. ಟ್ರಾಲಿಯ ಗಾಲಿಯ ಕೆಳಗೆ ಕಲ್ಲು, ಕಲ್ಲಿನ ಮೇಲೆ ಹಲಗೆ, ಹಲಗೆಯ ಮೇಲೆ ರಟ್ಟು. ಅಪ್ಪ ಒಂದು ತುದಿ, ನಾನು ಇನ್ನೊಂದು ತುದಿ. “ಒಂದ ದಾರ ಎಳಿಯಷ್ಟ ಮ್ಯಾಲ” ಎಂದು ಅವನು, “ಈಗ ಕೆಳಗಾತು” ಎಂದು ನಾನು. ಎರಡು ತಾಸು ನಲವತ್ತು ನಿಮಿಷ. ಕಾಕಾ ಬೀಡಿ ಸೇದುತ್ತ ಕುಳಿತು, “ದೋಣಿಗೆ ಮಟ್ಟ ಹಿಡಿಯೂ ಮಂದಿನ್ನ ಇವತ್ತ ನೋಡಿದೆ. ನಾಳೆ ಕೆರಿಗೂ ಹಿಡೀತೀರಿ ಕಾಣತೈತಿ” ಎಂದ.

ಬೋಲ್ಟು ಬಿಚ್ಚಿದೆವು. ನಾಲ್ಕು ಲೀಟರ್ ಒಂಬೈನೂರು. ಮೊದಲಿಗಿಂತ ಮೇಲು, ಆದರೆ ಇನ್ನೂ ಒಂದು ಲೀಟರ್ ಒಳಗೆ. ತೆಗೆದದ್ದನ್ನು ಸೋಸಿ ಮತ್ತೆ ಒಳಗೇ ಹಾಕಿದೆವು. ಅಪ್ಪ ಪೈಪು ಸುತ್ತಿಕೊಂಡು ಬಸ್ಸು ಹತ್ತಿದ.

ಉತ್ತರ ಸಿಕ್ಕಿದ್ದು ಜುಲೈ ೯ರಂದು, ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ. ದೋಣಿಯನ್ನು ಹಿರೇಕೆರೂರಿಗೆ ಒಯ್ಯುವ ದಿನ. ಟ್ರ್ಯಾಕ್ಟರ್ ಏರಿ ಹತ್ತಿ, ದಾಟಿ, ಗದ್ದೆಗಳ ಕಡೆಗೆ ಇಳಿಯತೊಡಗಿತ್ತು. ಟ್ರಾಲಿಯ ಹಗ್ಗ ಸಡಿಲಾಯಿತೆಂದು ಕಾಕಾ ಹೊರ ಇಳಿಜಾರಿನ ನಡುವೆ ನಿಲ್ಲಿಸಿ ಹಗ್ಗ ಬಿಗಿಯತೊಡಗಿದ. ದೋಣಿ ಎಲ್ಲಿ ನಿಂತರೂ ಕಡ್ಡಿ ನೋಡುವುದು ನನ್ನ ರೂಢಿ. ಎಳೆದು ನೋಡಿದರೆ ಆಯಿಲ್ ಗೆರೆಗಿಂತ ಎರಡು ಬೆರಳು ಮೇಲೆ. ಒರೆಸಿ ಮತ್ತೆ ಅದ್ದಿದೆ. ಅಷ್ಟೇ. ಬೆಳಿಗ್ಗೆ ನೀರಿನಲ್ಲಿದ್ದಾಗ ಗೆರೆಗೆ ಸರಿಯಾಗಿತ್ತು, ನಡುವೆ ಒಂದು ಹನಿಯನ್ನೂ ನಾನು ಹಾಕಿರಲಿಲ್ಲ.

“ಕಾಕಾ, ಗಾಡಿ ಬಿಡಬ್ಯಾಡ, ನಿಂದ್ರು!”

“ಏನಾತ, ಹಾವ ಐತೇನ?”

“ಆಯಿಲ್ ಮುಂದ ಬಂದೇತಿ!”

“ಎಲ್ಲಿಗಿ?”

ದೋಣಿಯ ಇಂಜಿನ್ ಕಟ್ಟೆಯ ಮೇಲೆ ಕೂತದ್ದಲ್ಲ. ದೋಣಿಯನ್ನು ನೂಕುವ ಫ್ಯಾನು ನೀರಿನೊಳಗೆ ಮುಳುಗಬೇಕು, ಅದನ್ನು ತಿರುಗಿಸುವ ದಂಡ ಹಿಂದಕ್ಕೆ ಇಳಿದಿರಬೇಕು, ಆ ದಂಡದ ಸಾಲಿಗೆ ಇಂಜಿನ್ನನ್ನೂ ಹಿಂದಕ್ಕೆ ಓರೆಯಾಗಿಯೇ ಬಿಗಿದಿರುತ್ತಾರೆ. ನಾವು ಮಟ್ಟ ಮಾಡಿದ್ದು ದೋಣಿಯನ್ನು, ಇಂಜಿನ್ನನ್ನಲ್ಲ. ದೋಣಿ ಮಟ್ಟವಿದ್ದರೂ ಇಂಜಿನ್ ಹಿಂದಕ್ಕೆ ವಾಲಿಯೇ ಇತ್ತು. ಒಳ ಇಳಿಜಾರಿನಲ್ಲಿ ಮೂತಿ ಮೇಲಾಗಿ ಎಳೆದಾಗಲಂತೂ ಇನ್ನಷ್ಟು ವಾಲುತ್ತಿತ್ತು. ಬೋಲ್ಟು, ಕಡ್ಡಿ ಎರಡೂ ಚೇಂಬರಿನ ಮುಂಭಾಗದಲ್ಲಿವೆ, ಆಯಿಲ್ ಹಿಂಭಾಗದಲ್ಲಿ ಕೂಡುತ್ತಿತ್ತು. ಆಯಿಲ್ ತೆಗೆಯಲು ಇರುವ ಜಾಗಗಳಲ್ಲೆಲ್ಲ ತೀರ ಕೆಟ್ಟದ್ದನ್ನೇ ಮೂರು ಸಲವೂ ಆರಿಸಿಕೊಂಡಿದ್ದೆವು. ಏರಿ ದಾಟಿ ಐವತ್ತು ಹೆಜ್ಜೆ ಹೋಗಿದ್ದರೆ ಇಂಜಿನ್ ತಾನೇ ಮುಂದಕ್ಕೆ ವಾಲುತ್ತಿತ್ತು.

ಇದನ್ನು ಏರಿಯ ಮೇಲೆ ನಿಂತೇ ಬರೆದುಕೊಂಡೆ. ಅಕ್ಷರ ಅಡ್ಡಾದಿಡ್ಡಿ ಇವೆ.

ಹಿರೇಕೆರೂರಿನ ಕಡೆ ಕೆಲಸ ನಡೆಯುತ್ತಿದ್ದಾಗ ರವಿವಾರ ಊರಿಗೆ ಬಂದು ಅಪ್ಪನ ಅಂಗಡಿಯಲ್ಲಿ ಕುಳಿತುಕೊಳ್ಳುತ್ತಿದ್ದೆ. ತಟ್ಟೆಯ ಕಾಟವನ್ನೂ ಈ ಸಲವೇ ತೀರಿಸಬೇಕು ಎಂದು ಮನಸ್ಸಿನಲ್ಲಿತ್ತು. ಅದೇ ಅಳತೆಯ ಹೊಸ ಬೋಲ್ಟಿಗೆ ಅಪ್ಪ ನಡುವೆ ಉದ್ದಕ್ಕೂ ರಂಧ್ರ ಕೊರೆದ. ತಲೆಗೆ ಹಿತ್ತಾಳೆಯ ಸಣ್ಣ ಕಾಕು, ಅಂದರೆ ನಲ್ಲಿ, ಬೆಸೆದ. ಕಾಕಿಗೆ ಶಾಖ ತಡೆಯುವ ರಬ್ಬರ್ ಪೈಪು, ಪೈಪಿನ ಇನ್ನೊಂದು ತುದಿ ಇಂಜಿನ್ನಿನ ಪಕ್ಕದಲ್ಲಿ ಕೈಗೆ ಸಿಗುವ ಎತ್ತರಕ್ಕೆ, ಮುಚ್ಚಳ ಹಾಕಿ. ಅಲ್ಲಿಂದ ಎಳೆಯಲು ಬ್ಯಾರಲ್ಲಿನಿಂದ ಡೀಸೆಲ್ ತೆಗೆಯುವ ಕೈಪಂಪು. ಮೊದಲ ಬೋಲ್ಟು ಬೆಸೆಯುವಾಗ ಓರೆಯಾಯಿತು, ಎರಡನೆಯದು ಸೋರಿತು. ಮೂರನೆಯದನ್ನು ಡೀಸೆಲ್ ತುಂಬಿ ಒಂದು ದಿನ ನೇತುಹಾಕಿದೆವು, ಕೆಳಗಿಟ್ಟ ಬಿಳಿ ಕಾಗದದ ಮೇಲೆ ಒಂದು ಕಲೆಯೂ ಬೀಳಲಿಲ್ಲ. ಆ ಕಾಗದವನ್ನು ಪುಸ್ತಕಕ್ಕೆ ಅಂಟಿಸಿದ್ದೇನೆ. ಕಲೆಯಿಲ್ಲದ ಕಾಗದವನ್ನು ಯಾಕೆ ಅಂಟಿಸಿದ್ದಿ ಎಂದು ಅವ್ವ ಕೇಳಿದಳು.

ಸೆಪ್ಟೆಂಬರ್ ೩. ನಾನೂರಾ ಒಂದು ತಾಸು. ದೋಣಿ ಹಾನಗಲ್ಲಿಗೆ ಮರಳಿತ್ತು. ಆಯಿಲ್ ಬಿಸಿಯಿದ್ದಾಗಲೇ ತೆಳುವಾಗಿ ಮಡ್ಡಿಯನ್ನೂ ಹೊತ್ತು ಬರುತ್ತದೆ, ಆದ್ದರಿಂದ ಇಂಜಿನ್ನನ್ನು ಕೆರೆಯಲ್ಲೇ ಹದಿನೈದು ನಿಮಿಷ ಓಡಿಸಿ, ಆರುವ ಮುನ್ನ ಏರಿ ದಾಟಿಸಬೇಕಿತ್ತು. ಅಧ್ಯಕ್ಷರು ಬಂದು ಏರಿಯ ಮೇಲೆ ನಿಂತಿದ್ದರು. ಹುಬ್ಬಳ್ಳಿಗೆ ಲಾರಿಯನ್ನೂ ಮಾತಾಡಿ ಇಟ್ಟಿದ್ದರು. ಬಾಟಲಿಯವರು ಒಳ ದಂಡೆಯಲ್ಲಿ ಸಾಲಾಗಿ ಕುಳಿತಿದ್ದರು, ದೋಣಿ ಅವರ ಮುಂದೆಯೇ ಏರಿ ಹತ್ತಿ ಆಚೆ ಇಳಿಯುವುದನ್ನು ಕಂಡು ಎದ್ದರು.

“ಏ ಕಾಕಾ, ಎಲ್ಲಿಗಿ ಹೊಂಟ್ರಿ? ನಮ್ಮ ಆಯಿಲ್ ತಗೊಂಡ ಓಡಿ ಹೊಕ್ಕೀರೇನ?”

“ಹಿಂದ ಬರ್ರಿ, ಹಿಂದ ಬರ್ರಿ!” ಕಾಕಾ ಹಿಂದಿರುಗಿ ನೋಡದೆ ಕೂಗಿದ.

ನೀರಿನಿಂದ ಹೊರ ಇಳಿಜಾರಿಗೆ ಇಪ್ಪತ್ತೆರಡು ನಿಮಿಷ. ಗಾಲಿಗಳಿಗೆ ಕಲ್ಲು ಕೊಟ್ಟೆವು. ಈ ಸಲ ಮಟ್ಟವನ್ನು ದೋಣಿಯ ಅಂಚಿಗೆ ಹಿಡಿಯಲಿಲ್ಲ, ಇಂಜಿನ್ನಿನ ತಲೆಯ ಮೇಲೆಯೇ ಇಟ್ಟೆ. ಮುಂದಕ್ಕೆ ಚೆನ್ನಾಗಿ ವಾಲಿತ್ತು. ಪೈಪಿಗೆ ಪಂಪು ಸೇರಿಸಿ ಕಾಕು ತಿರುಗಿಸಿ ಹಿಡಿಕೆ ಸುತ್ತತೊಡಗಿದೆ. ಅಕ್ಕಿಆಲೂರಿನಿಂದ ಬಂದಿದ್ದ ಅಪ್ಪ ಡಬ್ಬಿ ಹಿಡಿದ. ಸರದಿಯಂತೆ ಬಾಟಲಿ ತುಂಬಿದವು. ನಾಲ್ಕು. ನಾಲ್ಕೂವರೆ. ಹಿಂದಿನ ಮೂರು ಸಲವೂ ನಿಂತದ್ದು ಅಲ್ಲಿಯೇ. ನಿಲ್ಲಲಿಲ್ಲ. ಐದನೆಯದು ತುಂಬಿತು. ಆಮೇಲೆ ಬಂದದ್ದು ಬಣ್ಣದಲ್ಲೇ ಬೇರೆ, ಕಾಡಿಗೆಯಂಥ ದಪ್ಪ ಮಡ್ಡಿ. ಮೊದಲ ದಿನದಿಂದ ಒಳಗಿದ್ದದ್ದು ಅದೇ.

ಅಜ್ಜ ಬಾಟಲಿ ಹಿಡಿದು ಬಗ್ಗಿ ನಿಂತಿದ್ದ. “ಯವ್ವಾ, ನನ್ನ ಪಾಲಿಗಿ ಗಸಿ ಬಂತಲ್ಲ!”

“ಅದ ಚಲೋ ಅಜ್ಜಾ. ಗೆದ್ದಲಾ ಹತ್ತಿರಾನೂ ಬರಂಗಿಲ್ಲ.”

“ಕುಡದವರು ಯಾರಂತ ಈಗ ತಿಳೀತು ಬಿಡ. ಹೊಟ್ಟ್ಯಾಗ ಇಟ್ಕೊಂಡ ಕುಂತಿತ್ತು.”

ಬಾಟಲಿ ಎರಡು ಬೆರಳಿನಷ್ಟು ಬಾಕಿ ಇರುವಾಗ ನಿಂತಿತು. ಒಟ್ಟು ಐದು ಲೀಟರ್ ಎಂಟುನೂರು. ಗೋಣಿಚೀಲದ ತೂಕ ಮೊದಲೆಷ್ಟೋ ಈಗಲೂ ಅಷ್ಟೇ, ಏಕೆಂದರೆ ಒರೆಸಲು ಏನೂ ಇರಲಿಲ್ಲ. ಫಿಲ್ಟರ್ ಬದಲಿಸಿದ್ದೂ ಸೇರಿ ಹಿಡಿದದ್ದು ನಲವತ್ತೆಂಟು ನಿಮಿಷ. ದೋಣಿಯನ್ನು ಮತ್ತೆ ನೀರಿಗಿಳಿಸಿ ಗೆರೆಯವರೆಗೆ ತುಂಬಿದಾಗ ಹಿಡಿದದ್ದು ಐದು ಎಂಟುನೂರು. ಒಳಗೆ ಹೋದದ್ದು, ಹೊರಗೆ ಬಂದದ್ದು, ಎರಡು ಅಂಕಿಗಳನ್ನು ಒಂದೇ ಸಾಲಿನಲ್ಲಿ ಬರೆದೆ. ಸುತ್ತ ನೀರಿನ ಮೇಲೆ ಪೊರೆ ಏಳಲಿಲ್ಲ.

ಅಧ್ಯಕ್ಷರು ಲಾರಿಯವನಿಗೆ ಬೇಡ ಎನ್ನಲಿಲ್ಲ, ಮೊದಲು ಇಂಜಿನ್ ಹತ್ತು ತಾಸು ಓಡಲಿ ಎಂದರು. ಹತ್ತು ತಾಸು ಓಡಿದ ಮೇಲೆ ಅವರ ಮುಂದೆ ಕಡ್ಡಿ ಎಳೆದು ಬಿಳಿ ಕಾಗದದ ಮೇಲೆ ಒಂದು ಹನಿ ಇಟ್ಟೆ. ಜೇನಿನ ಬಣ್ಣ. ಪಕ್ಕದಲ್ಲಿ ಜೂನ್ ತಿಂಗಳ ಹನಿಯ ಕಾಗದ ಇಟ್ಟೆ. ಅವರು ಎರಡನ್ನೂ ಕಣ್ಣಿನ ಹತ್ತಿರ ಹಿಡಿದು ನೋಡಿದರು. ನನ್ನ ಪುಸ್ತಕ ಕೇಳಿದರು, ಕುಳಿತು ನಾಲ್ಕು ಪುಟ ಓದಿದರು, ಅಂಕಿ ಕೂಡಿಸಿಯೂ ನೋಡಿದರು. ಕೂಡಿಸುವುದರಲ್ಲಿ ನನ್ನದು ತಪ್ಪಿರಲಿಲ್ಲ.

“ಲಾರಿ ಬ್ಯಾಡ ಅಂತ ಹೇಳ್ರಿ,” ಎಂದು ಕಾಕಾನಿಗೆ ಹೇಳಿ, ನನ್ನ ಕಡೆ ತಿರುಗಿದರು. “ಇಂಜಿನ್ ನಿನ್ನ ಕಡೇನ ಇರ್ಲಿ. ಆಫೀಸಿನಾಗ ಬರಿಯಾಕ ಬ್ಯಾರೆ ಯಾರನ್ನರ ನೋಡೂಣು.”

ಆ ದಿನ ಬಸ್ಸಿನಲ್ಲಿ ಅಕ್ಕಿಆಲೂರಿಗೆ ಹೋಗುವಾಗ, ಅಂದೂ ಬಂದಿದ್ದ ಅಪ್ಪ ಪಕ್ಕದ ಸೀಟಿನವರಿಗೆ, ಕೇಳದಿದ್ದರೂ, “ನನ್ನ ಮಗಳು ದೋಣಿ ಇಂಜಿನ್ ಮೆಕ್ಯಾನಿಕ್ ಅದಾಳ” ಎಂದು ಹೇಳಿದ. ನಾನು ಕಿಟಕಿಯ ಹೊರಗೆ ನೋಡುತ್ತ ಕುಳಿತೆ. ನನಗೆ ಬಹಳ ಹೆಮ್ಮೆ ಆಗಿತ್ತು, ಈಗಲೂ ಇದೆ. ಅದನ್ನು ಮುಚ್ಚಿಡಬೇಕೆಂದು ಅನ್ನಿಸುವುದಿಲ್ಲ.

ಆಮೇಲೆ ಇನ್ನೂ ಮೂರು ಸಲ ಬದಲಿಸಿದ್ದೇನೆ. ಸವಣೂರಿನ ಕಡೆಯ ಕೆರೆಯಲ್ಲಿ ಐದು ಎಂಟುನೂರೈವತ್ತು: ಅಲ್ಲಿ ಹೊರ ಇಳಿಜಾರು ಎಲೆಬಳ್ಳಿಯ ತೋಟದವರೆಗೆ ಉದ್ದವಾಗಿದೆ. ಹಿರೇಕೆರೂರಿನ ಕಡೆ, ಹಂಸಭಾವಿಯ ದಾರಿಯಲ್ಲಿ, ಇಳಿಜಾರು ಕಡಿದಾಗಿದ್ದರಿಂದ ಎಂಟು ಕಲ್ಲು ಬೇಕಾದವು, ಐದು ಒಂಬೈನೂರು ಬಂತು. ಇದುವರೆಗಿನ ದೊಡ್ಡ ಅಂಕಿ ಅದೇ. ಶಿಗ್ಗಾಂವಿಯ ಕಡೆ ಮಾತ್ರ ತೊಂದರೆ. ನಾವು ದೋಣಿ ಇಳಿಸುವ ಕೆರೆಗೆ ಹೊರ ಇಳಿಜಾರೇ ಇಲ್ಲ, ಏರಿಯ ಆಚೆ ಮಣ್ಣು ತುಂಬಿ ರಸ್ತೆಯನ್ನು ಏರಿಯ ಸಮಕ್ಕೆ ತಂದಿದ್ದಾರೆ. ಅಲ್ಲಿ ಜಾಕಿ ಕೊಟ್ಟು ದೋಣಿಯ ಹಿಂಭಾಗ ಎತ್ತಿದೆವು. ಟ್ರಾಲಿ ಅಲುಗಿತು, ಕಾಕಾ “ಸಾಕ ಬಿಡ ಯವ್ವಾ, ನನ್ನ ಕಾಲ ಮ್ಯಾಲ ಬಿದ್ದೀತು” ಎಂದ. ಬಂದದ್ದು ಐದು ಮುನ್ನೂರು. ಏಳುನೂರು ಮಿಲಿ ಹಳೆಯದು ಒಳಗೆ ಉಳಿಯಿತು. ಅಲ್ಲಿ ಹಾಕಿದ ಹೊಸ ಆಯಿಲ್ ಐದು ದಿನಕ್ಕೇ ಕಪ್ಪಾಯಿತು.

ಇಳಿಜಾರಿಲ್ಲದ ಕಡೆ, ಟ್ರಾಲಿಯ ಮೇಲೆ ದೋಣಿಯನ್ನು ಅಪಾಯವಿಲ್ಲದೆ ಮುಂದಕ್ಕೆ ವಾಲಿಸುವುದು ಹೇಗೆ? ಚೇಂಬರಿನ ಹಿಂಭಾಗದಲ್ಲಿ ಇನ್ನೊಂದು ರಂಧ್ರ ಕೊರೆದು ಅಲ್ಲಿಗೂ ಕಾಕು ಹಾಕಬಹುದು ಎಂದು ಅಪ್ಪ ಹೇಳುತ್ತಾನೆ, ಆದರೆ ಚೇಂಬರು ಬೀಡು ಕಬ್ಬಿಣದ್ದು, ಒಮ್ಮೆ ಬಿರಿದರೆ ಮುಗಿಯಿತು ಎಂಬ ಹೆದರಿಕೆ ಅವನಿಗೂ ಇದೆ, ನನಗೂ ಇದೆ. ಕಾರವಾರ, ಹೊನ್ನಾವರದ ಕಡೆ ಸಮುದ್ರಕ್ಕೆ ಹೋಗುವ ದೋಣಿಯವರು ಇದನ್ನು ದಿನಾ ಮಾಡುತ್ತಿರಬಹುದು. ಬೀಡಿನ ಚೇಂಬರಿಗೆ ರಂಧ್ರ ಕೊರೆದವರು, ಅಥವಾ ಕೊರೆಯದೆಯೇ ತಳದವರೆಗೆ ತೆಗೆಯುವುದನ್ನು ಬಲ್ಲವರು ಇದ್ದರೆ ದಯವಿಟ್ಟು ನನಗೆ ಬರೆಯಿರಿ. ಎಷ್ಟು ಲೀಟರ್ ಹಾಕಿದಿರಿ, ಎಷ್ಟು ಹೊರಗೆ ಬಂತು, ದೋಣಿ ಯಾವ ಕಡೆ ಎಷ್ಟು ವಾಲಿತ್ತು ಎಂಬುದನ್ನೂ ಬರೆದರೆ ನನ್ನ ಅಂಕಿಗಳ ಪಕ್ಕದಲ್ಲಿ ಇಟ್ಟು ನೋಡುತ್ತೇನೆ.